ಹಿಂಬಾಗಿಲಿನ ಎಂಟು ಮಂದಿ

ನನ್ನ ವಾರಗಿತ್ತಿ ಜ್ಯೋತಿಲಕ್ಷ್ಮಿಯನ್ನು ಕಂಡರೆ ನನಗೆ ಹೊಟ್ಟೆಯುರಿ. ಮುಚ್ಚಿಟ್ಟುಕೊಳ್ಳುವುದೇಕೆ? ಅವಳ ಸೀರೆ, ಓಲೆ ನೋಡಿ ಅಲ್ಲ, ಅವೆಲ್ಲ ನನ್ನವೇ ಚೆನ್ನಾಗಿವೆ. ಅವಳ ಹತ್ತಿರ ಇರುವ ಇಎಸ್‌ಐ ಕಾರ್ಡು ನೋಡಿ.

ಒಂದೇ ಮನೆಗೆ ಸೊಸೆಯರಾಗಿ ಬಂದವರು ನಾವು. ನಾನು ರಾಮನಗರದಲ್ಲೇ ರೇಷ್ಮೆ ನೂಲು ತೆಗೆಯುವ ಲೋಕೇಶಣ್ಣನ ಶೆಡ್ಡಿಗೆ ಸೇರಿದೆ. ಅವಳು ರೈಲು ಹತ್ತಿ ಬಿಡದಿಗೆ ಹೋಗಿ, ಕಾರಿನ ವೈರು ಜೋಡಿಸುವ ಕಂಪನಿ ಸೇರಿದಳು. ಇಪ್ಪತ್ತು ನಿಮಿಷದ ದಾರಿ, ಅಷ್ಟೇ. ಹೆತ್ತಾಗ ಅವಳಿಗೆ ಆರು ತಿಂಗಳು ಸಂಬಳದ ರಜೆ. ನಾನು ಹೆತ್ತು ಇಪ್ಪತ್ತೆರಡನೇ ದಿನಕ್ಕೆ ಬಿಸಿನೀರಿನ ತೊಟ್ಟಿಗೆ ಕೈ ಹಾಕಿದೆ. ಮಹಾರಾಣಿಗೆ ಜ್ವರ ಬಂದರೆ ಆಸ್ಪತ್ರೆ, ಮಾತ್ರೆ ಎಲ್ಲ ಪುಕ್ಕಟೆ! ನನಗೆ ಗೂಡು ಬೇಯಿಸುವ ಹಬೆ ಕುಡಿದು ಕುಡಿದು ಎರಡು ವರ್ಷದಿಂದ ಉಬ್ಬಸ. ನಾಲ್ಕು ಮೆಟ್ಟಿಲು ಹತ್ತಿದರೆ ಉಸಿರು ಸಿಕ್ಕುವುದಿಲ್ಲ. ವರ್ಷಗಟ್ಟಲೆ ಔಷಧಿ ಬೇಕು ಅಂದಿದ್ದಾರೆ ಡಾಕ್ಟರು. ಅದಕ್ಕೇ ಆ ಕಾರ್ಡು ಬೇಕು ನನಗೆ.

ಲೋಕೇಶಣ್ಣನನ್ನು ಕೇಳಿದೆ. "ಬಿಡದಿ ಬೆಳ್ದೈತೆ ಕಣಮ್ಮ ರಾಧಾಮಣಿ, ಅವ್ರು ಕೊಡ್ತಾರೆ. ನಾನು ಕೊಟ್ರೆ ಶೆಡ್ ಮುಚ್ಕೊಂಡು ಹೋಗ್ಬೇಕಾಯ್ತದೆ" ಅಂದ.

ಜ್ಯೋತಿಗೆ ಹೇಳಿದರೆ ನಕ್ಕುಬಿಟ್ಟಳು. "ಸುಳ್ಳು ಕಣಕ್ಕ. ಕಾರ್ಡ್ ಐತೆ ಅಂತ್ಲೇ ನಾವ್ಯಾರೂ ಕೆಲ್ಸ ಬುಟ್ಟಿಲ್ಲ. ಕಲ್ತೋರು ಉಳ್ಕೊಂಡ್ರು, ಅದ್ಕೇ ಕಂಪ್ನಿ ಇನ್ನೊಂದು ಲೈನ್ ಹಾಕ್ತು. ನಿಮ್ ಶೆಡ್ನಾಗೆ ವರ್ಷಕ್ಕೆ ಎಷ್ಟ್ ಜನ ಬುಟ್ಟೋಯ್ತಾರೆ ಹೇಳು?"

ಎಷ್ಟು ಮಾತು ಕಲಿತಿದ್ದಾಳೆ! ನನಗೆ ಮೈಯೆಲ್ಲ ಉರಿಯಿತು.

ಆದರೂ ಇಎಸ್‌ಐ ಆಫೀಸಿಗೆ ಅರ್ಜಿ ಬರೆದುಕೊಟ್ಟವಳು ಅವಳೇ. ಹತ್ತು ಜನ ಕೆಲಸ ಮಾಡುವ ಕಡೆ ಕಾರ್ಡು ಮಾಡಿಸಲೇಬೇಕಂತೆ. ನಾವು ಹದಿನಾರು ಜನ. ಲೋಕೇಶಣ್ಣನ ಪುಸ್ತಕದಲ್ಲಿರುವುದು ಎಂಟೇ ಹೆಸರು.

"ಆಫೀಸರ್ ಬಂದಾಗ ಕುಂತಲ್ಲೇ ಕುಂತಿರಕ್ಕ. ಎಷ್ಟ್ ಜನ ಅಂತ ಕೇಳಿದ್ರೆ ಹದಿನಾರು ಅನ್ನು. ಅಷ್ಟು ಸಾಕು" ಅಂದಳು ಜ್ಯೋತಿ.

ಮಂಗಳವಾರ ಹನ್ನೊಂದು ಗಂಟೆಗೆ ಜೀಪು ಬಂದು ನಿಂತಿತು. "ಆಫೀಸರ್ ಬಂದ್ರು, ಏಳ್ರೇ!" ಅಂತ ನನ್ನ ಪಕ್ಕ ಕೂರುವ ಅಂಕಮ್ಮ ಕೂಗಿದಳು. ಯಾವ ಅಧಿಕಾರಿಯೇ ಬರಲಿ, ಪುಸ್ತಕದಲ್ಲಿ ಹೆಸರಿಲ್ಲದ ನಾವು ಎಂಟು ಜನ ಹಿಂಬಾಗಿಲಿನಿಂದ ಗೂಡಿನ ಕೋಣೆಗೆ ಹೋಗಿ ಚಿಲಕ ಹಾಕಿಕೊಳ್ಳುವುದು ಹನ್ನೊಂದು ವರ್ಷದ ರೂಢಿ. ಅವಳ ಕೂಗು ಕಿವಿಗೆ ಬಿದ್ದದ್ದಷ್ಟೇ ಗೊತ್ತು. ನೋಡಿದರೆ ನಾನೂ ಕೋಣೆಯೊಳಗಿದ್ದೆ. ಚಿಲಕ ಹಾಕಿದವಳೂ ನಾನೇ.

ತೆಗೆಯೋಣವೆಂದರೆ ಕೈ ಏಳಲಿಲ್ಲ. ಅಷ್ಟರಲ್ಲಿ ಕೆಮ್ಮು ಒತ್ತರಿಸಿಕೊಂಡು ಬಂತು. ಒಂದು ಸಲ ಕೆಮ್ಮಿದ್ದರೆ ಸಾಕಿತ್ತು, ಗೋಡೆಯಾಚೆ ನಿಂತಿದ್ದ ಅಧಿಕಾರಿಗೆ ಕೇಳಿಸುತ್ತಿತ್ತು. "ಶ್!" ಅಂದಳು ಅಂಕಮ್ಮ. ನಾನು ಸೆರಗನ್ನು ಬಾಯಿಗೆ ತುರುಕಿಕೊಂಡೆ. ಕಣ್ಣಲ್ಲಿ ನೀರು ಕಿತ್ತುಕೊಂಡು ಬಂತು, ಕೆಮ್ಮು ಹೊರಗೆ ಬರಲಿಲ್ಲ. ಜೀಪು ಹೊರಟು ಹೋಯಿತು.

ಸಂಜೆ ಕೆಲಸದಿಂದ ಬಂದವಳೇ ಜ್ಯೋತಿ, "ಏನಾಯ್ತಕ್ಕ, ಬಂದಿದ್ರಾ?" ಅಂದಳು.

"ಬಂದಿದ್ರು. ಎಂಟೇ ಜನ ಅಂತ ಬರ್ಕೊಂಡು ಹೋದ್ರು. ನನ್ನ ಒಂದ್ ಮಾತೂ ಕೇಳ್ನಿಲ್ಲ."

"ಥೂ, ಎಂಥಾ ಜನ!" ಅಂತ ಅವಳು ಆ ಅಧಿಕಾರಿಯನ್ನು ಬಾಯಿಗೆ ಬಂದಂತೆ ಬೈದಳು. ಅವಳಿಗಿಂತ ಜೋರಾಗಿ ನಾನು ಬೈದೆ.