ಸಂಪರ್ಕಕ್ಕೆ ಸಿಗದ ಭಾವ

ನಮ್ಮ ಪತ್ರಿಕೆಯ ಉಪಸಂಪಾದಕಿಯನ್ನು ಆಫೀಸಿನವರೆಲ್ಲ ಅತ್ತೆ ಎನ್ನುತ್ತಿದ್ದರು. ವರದಿಗಾರರು ಬರೆದು ತಂದದ್ದನ್ನು ತಿದ್ದಿ ಅಚ್ಚಿಗೆ ಕೊಡುವುದು ಅವರ ಕೆಲಸ. ಯಾರ ಮೇಲಾದರೂ ಆರೋಪವಿದ್ದರೆ ಕನ್ನಡಕವನ್ನು ಹಣೆಗೇರಿಸಿ, "ಅವರನ್ನ ಕೇಳಿದ್ರಾ?" ಎನ್ನುತ್ತಿದ್ದರು. ಇಲ್ಲ ಎಂದರೆ ತಾವೇ ಫೋನ್ ಮಾಡುತ್ತಿದ್ದರು. ಎಷ್ಟೋ ಭಾರೀ ಸುದ್ದಿಗಳು ಆ ಫೋನಿನಲ್ಲೇ ಪ್ರಾಣ ಬಿಟ್ಟಿವೆ. ಇಂಥ ಅತ್ತೆಯನ್ನು ಯಾವ ಸೊಸೆ ತಾನೇ ಮೆಚ್ಚಿಯಾಳು?

ವರದಿಗಾರರಿಗೆ ಒಂದು ಸುಲಭದ ದಾರಿಯಿತ್ತು. "ಪ್ರತಿಕ್ರಿಯೆಗೆ ಅವರು ಸಂಪರ್ಕಕ್ಕೆ ಸಿಗಲಿಲ್ಲ" ಎಂಬ ಸಾಲನ್ನು ಮೊದಲೇ ಬರೆದಿಟ್ಟುಕೊಂಡು, ಆಮೇಲೆ ಫೋನ್ ಮಾಡುವುದು. ಫೋನ್ ಮಾಡಲು ಮರೆತರೂ ಸಾಲು ಮರೆಯುತ್ತಿರಲಿಲ್ಲ. ಹೇಗೂ ಅತ್ತೆ ಕೇಳುತ್ತಾರಲ್ಲ! ನಾನು ಕ್ರೀಡಾಪುಟದವನು. ನಮ್ಮಲ್ಲಿ ಸೋತವರೂ ಮಾತಿಗೆ ಸಿಗುತ್ತಾರೆ. ಸುದ್ದಿಪುಟದಲ್ಲಿ ಬರುವ ಜನ ಮಾತ್ರ ಯಾವ ಗುಹೆಯಲ್ಲಿ ವಾಸವಿದ್ದರೋ ಕಾಣೆ.

ಒಂದು ದಿನ ಅತ್ತೆಯ ಮೇಜಿಗೆ ಅವಧಿ ಮೀರಿದ ಔಷಧ ಮಾರಾಟದ ವರದಿ ಬಂತು. ಅಂಗಡಿಯ ಮೂಲೆಯಲ್ಲಿ ಒಂದು ಪೆಟ್ಟಿಗೆ, ಅದರ ತುಂಬ ಹಳೆಯ ಮಾತ್ರೆ. ಗಿರಾಕಿಯೊಬ್ಬ ಮೊಬೈಲಿನಲ್ಲಿ ತೆಗೆದ ಫೋಟೊ. ಕೊನೆಯಲ್ಲಿ ಅದೇ ಸಾಲು. ಅಂಗಡಿ ಅತ್ತೆಯ ಅಕ್ಕನ ಗಂಡನದು.

ಅತ್ತೆ ಫೋನಿಗೆ ಕೈ ಚಾಚಿ ಹಿಂದಕ್ಕೆ ತೆಗೆದುಕೊಂಡರು. ಎದ್ದು ಸಂಪಾದಕರ ಕೋಣೆಗೆ ಹೋದರು.

"ಸಾರ್, ಇದು ನಮ್ಮ ಭಾವನ ಅಂಗಡಿ. ನಾನು ಮುಟ್ಟಬಾರದು. ಬೇರೆಯವರು ನೋಡ್ಲಿ."

ಸಂಪಾದಕರು ಎದ್ದು ನಿಂತೇ ಬಿಟ್ಟರು. "ಪತ್ರಿಕಾಧರ್ಮ ಅಂದ್ರೆ ಇದು!" ಎಂದು ನಮಗೆಲ್ಲ ಕೇಳಿಸುವಂತೆ ಹೊಗಳಿದರು. ಸಂಜೆ ಅಕ್ಕ ಬೇರೇನಕ್ಕೋ ಫೋನ್ ಮಾಡಿದರೆ ಅತ್ತೆ ಎತ್ತಲಿಲ್ಲ. ಎತ್ತಿದರೆ ಬಾಯಿ ತಪ್ಪಿ ಹೇಳಿಬಿಟ್ಟೇನೆಂಬ ಭಯ.

ವರದಿ ಪಕ್ಕದ ಮೇಜಿಗೆ ಹೋಯಿತು. ಅತ್ತೆಯ ಮೇಜಿನಿಂದ ಬಂದದ್ದು, ಕೇಳಿಯೇ ಇರುತ್ತಾರೆ ಎಂದು ಅಲ್ಲಿದ್ದವನು ಕಾಗುಣಿತ ತಿದ್ದಿ ಕಳಿಸಿದ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವವರು ನಾವು. ಬೆಳಿಗ್ಗೆ ಫೋಟೊ ಸಮೇತ ಮೂರು ಕಾಲಂ ಸುದ್ದಿ ಬಂದಿತ್ತು.

ಯಾರೋ ಎಸೆದ ಕಲ್ಲಿಗೆ ಭಾವನ ಅಂಗಡಿಯ ಗಾಜು ಒಡೆಯಿತು. ಅಧಿಕಾರಿಗಳು ಬಂದು ಪೆಟ್ಟಿಗೆ ತಿರುಗಿಸಿ ನೋಡಿದರು. ಇನ್ನೊಂದು ಬದಿಯಲ್ಲಿ "ಕಂಪನಿಗೆ ವಾಪಸ್, ಮಾರುವುದಕ್ಕಲ್ಲ" ಎಂದು ದಪ್ಪಕ್ಷರದಲ್ಲಿತ್ತು. ಫೋಟೊದಲ್ಲಿ ಆ ಬದಿ ಬಂದಿರಲಿಲ್ಲ. ನಾವು ಒಳಪುಟದಲ್ಲಿ ಬೆಂಕಿಪೊಟ್ಟಣದಷ್ಟು ಜಾಗದಲ್ಲಿ ವಿಷಾದಿಸಿದೆವು.

ಆ ದಿನ ಅತ್ತೆಯನ್ನು ಅಕ್ಕನ ಮನೆಗೆ ನನ್ನ ಸ್ಕೂಟರಿನಲ್ಲೇ ಕರೆದುಕೊಂಡು ಹೋದೆ. ಅಕ್ಕ ಬಾಗಿಲಲ್ಲೇ ಹಿಡಿದರು.

"ಊರವರನ್ನೆಲ್ಲ ಕೇಳ್ತೀಯ. ನಿಮ್ಮ ಭಾವನ್ನ ಕೇಳೋಕೆ ನಾಲಿಗೆ ಬಿದ್ದುಹೋಗಿತ್ತಾ?"

"ನಾನು ಕೇಳಿದ್ರೆ, ನೆಂಟರನ್ನ ಉಳಿಸ್ಕೊಂಡ್ಳು ಅಂತಿದ್ರು ಅಕ್ಕ."

"ಹೌದು ಬಿಡು. ನಿನ್ನ ಹೆಸರು ಉಳೀತಲ್ಲ."

ಅತ್ತೆಗೆ ದುಃಖ ಒತ್ತರಿಸಿ ಬಂತು. ನನಗೆ ಸಿಟ್ಟು ಬಂತು, ಯಾರ ಮೇಲೆ ಎಂದು ಮಾತ್ರ ತಿಳಿಯಲಿಲ್ಲ. ನಿಯಮ ಪಾಲಿಸಿದ್ದು ಆಕೆ ಒಬ್ಬರೇ.

ಗಿರಾಕಿಗಳಿಲ್ಲದ ಭಾವ ಹಗಲಲ್ಲೇ ಮನೆಯಲ್ಲಿದ್ದರು. "ಒಳಗೆ ಬಾಮ್ಮ," ಎಂದರು. "ಅವಳ ಮಾತು ಬಿಡು. ಮದುವೆ ಆದಾಗಿಂದ ನಾನೂ ನಿಮ್ಮ ಪೇಪರೇ ಓದೋದು. ಯಾರಾದ್ರೂ ಸಂಪರ್ಕಕ್ಕೆ ಸಿಗಲಿಲ್ಲ ಅಂತಿದ್ರೆ, ಕಳ್ಳ, ತಪ್ಪಿಸ್ಕೊಂಡಿದಾನೆ ಅಂತಾನೇ ಅಂದ್ಕೊಳ್ತಿದ್ದೆ. ಒಬ್ಬಿಬ್ರ ಜೊತೆ ಮಾತೂ ಬಿಟ್ಟೆ."

ಆಮೇಲೆ, ನಿಜವಾಗಿಯೂ ತಿಳಿದುಕೊಳ್ಳಬೇಕೆನ್ನುವವರ ಹಾಗೆ ಕೇಳಿದರು: "ಅವರೆಲ್ಲ ಮನೇಲೇ ಇದ್ರಾ?"