ವಾರ್ಡಿನ ಅಡುಗೆಮನೆಯಲ್ಲಿ ಮೌಶಿ

ಆ ಅಡುಗೆಮನೆ ಶುರುವಾದದ್ದು ಏಪ್ರಿಲ್‌ನಲ್ಲೋ ಅದಕ್ಕೂ ತುಸು ಮೊದಲೋ, ಖಚಿತವಾಗಿ ಹೇಳಲಾರೆ. ಬಿಸಿಲು ಏರಿತ್ತು ಎಂಬುದು ನೆನಪಿದೆ. ಆದರೆ ವಡೋದರಾದಲ್ಲಿ ಹೋಳಿ ಕಳೆದ ಮೇಲೆ ಬಿಸಿಲು ಏರದ ದಿನ ಯಾವುದಿದೆ? ದಿನಚರಿ ಬರೆಯುವ ಅಭ್ಯಾಸವಿದ್ದ ನಾನು ಎರಡನೇ ಅಲೆಯ ಆ ವಾರಗಳಲ್ಲಿ ಒಂದಕ್ಷರವನ್ನೂ ಬರೆಯಲಿಲ್ಲ. ಹಾಗಾಗಿ ಇಲ್ಲಿರುವುದೆಲ್ಲ ಆಮೇಲೆ ಜೋಡಿಸಿಕೊಂಡದ್ದು. ಕೆಲವು ವಿವರ ತಪ್ಪಿರಬಹುದು. ಕೆಲವನ್ನು ನನಗೆ ಬೇಕಾದಂತೆ ತಿದ್ದಿಕೊಂಡಿರಲೂಬಹುದು. ಯಾವುವನ್ನು ಎಂಬುದು ಈಗ ನನಗೇ ತಿಳಿಯುವುದಿಲ್ಲ.

ಗೋರ್ವಾದಲ್ಲಿ ನಮ್ಮ ಸೊಸೈಟಿಯ ಪಕ್ಕದಲ್ಲೇ ವಾರ್ಡಿನ ಸಮುದಾಯ ಭವನವಿದೆ. ಮದುವೆ, ಸೀಮಂತ, ನವರಾತ್ರಿಯ ಗರ್ಬಾ, ಎಲ್ಲವೂ ಅಲ್ಲೇ. ಊರಿನ ತುಂಬ ಕಾಯಿಲೆ ಹಬ್ಬಿದಾಗ ನಗರದ ಪರಿಹಾರದ ಹಣ ಹಲವು ದಿಕ್ಕಿಗೆ ಹರಿಯಿತು: ಆಮ್ಲಜನಕದ ಸಿಲಿಂಡರ್ ಕಟ್ಟಿದ ಆಟೋಗಳಿಗೆ, ಸ್ಮಶಾನದ ಸೌದೆಗೆ, ಔಷಧಕ್ಕೆ. ಒಂದು ಪಾಲು ನಮ್ಮ ಭವನಕ್ಕೂ ಬಂತು. ಸೋಂಕು ತಗುಲಿ ಬಾಗಿಲು ಹಾಕಿಕೊಂಡ ಮನೆಗಳಿಗೆ ಎರಡು ಹೊತ್ತಿನ ಊಟ ಕಳಿಸಬೇಕು. ದಿನಸಿ, ಗ್ಯಾಸು, ಅಡುಗೆ ಮಾಡುವ ಹೆಂಗಸರಿಗೆ ಸಣ್ಣ ಸಂಭಾವನೆ, ಎಲ್ಲವೂ ಆ ಹಣದಿಂದ.

ಅಡುಗೆಯ ಉಸ್ತುವಾರಿ ವಹಿಸಿಕೊಂಡವಳು ನನ್ನ ಮೌಶಿ, ಅಮ್ಮನ ತಂಗಿ. ವಿಮೆ ಕಂಪನಿಯ ವರ್ಗಾವಣೆಯಿಂದ ಅವಳ ಗಂಡ, ನಮ್ಮ ಕಾಕಾ, ಧಾರವಾಡ ಬಿಟ್ಟು ಇಲ್ಲಿಗೆ ಬಂದವರು, ನಿವೃತ್ತರಾದ ಮೇಲೂ ಇಲ್ಲೇ ಉಳಿದಿದ್ದರು. ಬ್ಯಾಂಕು, ರೈಲ್ವೆ ಎಂದು ಬಂದ ಕನ್ನಡ ಮನೆಗಳವರು ಯುಗಾದಿಗೆ ಸೇರಿದಾಗಲೆಲ್ಲ ದೊಡ್ಡ ಹಂಡೆಯ ಮುಂದೆ ನಿಲ್ಲುತ್ತಿದ್ದವಳು ಮೌಶಿಯೇ. ಕಾಲೇಜು ಮುಚ್ಚಿದ್ದರಿಂದ ನಾನು ಸ್ಕೂಟರಿನಲ್ಲಿ ಡಬ್ಬಿ ಹಂಚುವ ಕೆಲಸಕ್ಕೆ ಸೇರಿಕೊಂಡೆ.

ಮೊದಲ ದಿನ ಅವಳು ಕೈರೂಢಿಯಂತೆ ಹುಳಿ, ಖಾರ ಹಾಕಿದ ಬೇಳೆಸಾರನ್ನೇ ಮಾಡಿದಳು. ಮರುದಿನ ವಾರ್ಡಿನ ಮೇಲ್ವಿಚಾರಕ ನಗುತ್ತಲೇ ಬಂದ.

“ಮಾಸಿ, ಲೋಗ್ ಬೋಲ್ ರಹೇ ಹೈಂ, ಮದ್ರಾಸಿ ರಸೋಡಾ ಖುಲ್ ಗಯಾ!” ಮದ್ರಾಸಿ ಅಡುಗೆಮನೆ ತೆರೆದಿದೆ ಎಂದು ಜನ ಆಡಿಕೊಳ್ಳುತ್ತಿದ್ದರಂತೆ.

ಪಕ್ಕದಲ್ಲಿ ಸೌತೆಕಾಯಿ ಹೆಚ್ಚುತ್ತಿದ್ದ ನೆರೆಮನೆಯ ಗುಜರಾತಿ ಅಕ್ಕ, ನಮ್ಮ ಬೆನ್, ದನಿಗೂಡಿಸಿದಳು. “ದಾಳ್ ಮಾಂ ಗೋಳ್ ಕ್ಯಾಂ ಛೆ, ಬೆನ್? ಬೆಲ್ಲವಿಲ್ಲದ ಬೇಳೆ ಕುಡಿದರೆ ಕಾಯಿಲೆಯವನು ಎದ್ದು ಓಡಿಯಾನು!”

ಎಲ್ಲರೂ ನಕ್ಕರು. ಮೌಶಿಯೂ ನಕ್ಕಳು. ಆದರೆ ಆ ಮಾತು ಅವಳೊಳಗೆ ಎಲ್ಲೋ ಕೂತುಬಿಟ್ಟಿತು. ಇಷ್ಟು ವರ್ಷ ಬಾಳಿದ ಊರಿನಲ್ಲಿ, ಊರಿನವರ ಹಣದಲ್ಲಿ, ಪರವೂರಿನವಳೊಬ್ಬಳು ತನ್ನ ರುಚಿ ನಡೆಸಿದಳು ಎನ್ನಿಸಿಕೊಳ್ಳುವುದು ಅವಳಿಗೆ ಆಗದ ಮಾತು. ಅಂದಿನಿಂದ ಬೇಳೆಗೆ ಬೆಲ್ಲ ಅವಳ ಕೈಯಿಂದಲೇ ಬೀಳಬೇಕು. ಹಂಡೆ ಒಂದೇ, ಎಲ್ಲ ಡಬ್ಬಿಗೂ ಅದೇ. ಮಧುಮೇಹದವರಿಗಷ್ಟೇ ರಿಯಾಯಿತಿ.

ಆಮೇಲೆ ಕಾಕಾಗೆ ಜ್ವರ ಬಂತು.

ಸೋಂಕಿದ ಮನೆಯವರು ಅಡುಗೆಮನೆಗೆ ಕಾಲಿಡುವಂತಿರಲಿಲ್ಲ. ಮೌಶಿಗೆ ಪರೀಕ್ಷೆಯಲ್ಲಿ ಏನೂ ಇರಲಿಲ್ಲ. ಮನೆಯಲ್ಲಿ ಉಳಿದರೆ ಅಡುಗೆಮನೆ ಬಿಡಬೇಕು, ಅಡುಗೆಮನೆಯಲ್ಲಿ ಉಳಿದರೆ ಮನೆ ಬಿಡಬೇಕು. ಕಾಕಾ ಮುಚ್ಚಿದ ಬಾಗಿಲ ಒಳಗಿಂದಲೇ ಕೂಗಿದರು:

“ನೀ ಒಳಗ ಬರಬ್ಯಾಡ ನೋಡು! ನಿನಗೂ ಹತ್ತಿತಂದ್ರ ಆ ಮಂದಿಗೆ ಅನ್ನ ಹಾಕಾವ್ರು ಯಾರು? ನನಗೇನಾಗೇದ? ನೆಗಡಿ!”

ಅವಳು ಎದುರಿನ ಕಟ್ಟಡದಲ್ಲಿದ್ದ ನನ್ನ ಮನೆಗೆ ಬಂದಳು, ಒಂದು ಚೀಲದಲ್ಲಿ ನಾಲ್ಕು ಸೀರೆ ತುಂಬಿಕೊಂಡು. ಹೀಗೆ, ಅವಳ ಅಡುಗೆಮನೆಯಿಂದ ಡಬ್ಬಿ ಹೋಗುವ ಮನೆಗಳಲ್ಲಿ ಅವಳ ಮನೆಯೂ ಒಂದಾಯಿತು. ನಾನು ಡಬ್ಬಿಯನ್ನು ಬಾಗಿಲ ಹಿಡಿಕೆಗೆ ತೂಗುಹಾಕಿ, ಬೆಲ್ಲು ಒತ್ತಿ, ಮೆಟ್ಟಿಲಿಳಿಯುತ್ತಿದ್ದೆ. ತುಸು ಹೊತ್ತಿಗೆ ಫೋನು.

“ಏನವಾ, ಕಟ್ಟಿನ ಸಾರು ಕಳಿಸೀರಿ, ಹೋಳಿಗಿ ಎಲ್ಲಿ ಇಟ್ಟೀರಿ?”

ದಿನವೂ ಇಂಥದೇ ಒಂದು ಮಾತು. ನಡುನಡುವೆ ಕೆಮ್ಮು ಜಾಸ್ತಿಯಾಯಿತು. ಒಂದು ಮಧ್ಯಾಹ್ನ ತಮಾಷೆ ಇರಲಿಲ್ಲ. “ಬಾಯಿ ಪೂರಾ ಕೆಟ್ಟದ. ನಿಮ್ಮ ಮೌಶಿಗೆ ಹೇಳು, ಒಂದು ಜ್ವಾಳದ ರೊಟ್ಟಿ ಬಡದು ಕಳಸ್ಲಿ. ಒಂದು ಸಾಕು. ಅಕೀ ಕೈದು.”

ನಾನು ಹೇಳಿದೆ. ಮೌಶಿ ಹಂಡೆಯಿಂದ ಕಣ್ಣೆತ್ತಲಿಲ್ಲ.

“ಇದು ಮಂದಿ ರೊಕ್ಕ. ಇದರಾಗ ನನ್ನ ಗಂಡಗ ಬ್ಯಾರೆ ಡಬ್ಬಿ ಕಟ್ಟಂಗಿಲ್ಲ.”

“ಹಿಟ್ಟು ನಾನು ತರ್ತೀನಿ ಮೌಶಿ. ನಮ್ಮ ಮನೆ ಒಲೆ ಮೇಲೆ ಮಾಡು.”

“ಡಬ್ಬಿ ಇಲ್ಲೀದು ಹೌದಲ್ಲೇ? ಯಾರರೆ ತಗದು ನೋಡಿದ್ರ? ಮದ್ರಾಸಿ ರಸೋಡಾ ಅಂದವರು ನಾಳೆ ಏನಂತಾರ? ಅವರು ಆರಾಮಾಗಿ ಹೊರಗ ಬರ್ಲಿ. ಬುಟ್ಟಿ ತುಂಬ ಬಡದು ಹಾಕ್ತೀನಿ.”

ಬೇರೆ ಡಬ್ಬಿಯಲ್ಲಿ ಕಳಿಸಬಹುದಲ್ಲ ಎಂದು ನಾನು ಆಗ ಹೇಳಿದೆನೋ, ಈಗ ಬರೆಯುವಾಗ ಹೊಳೆಯುತ್ತಿದೆಯೋ ಗೊತ್ತಿಲ್ಲ. ಅವಳ ಲೆಕ್ಕದಲ್ಲಿ ಅದು ಡಬ್ಬಿಯ ವಿಷಯವಾಗಿರಲಿಲ್ಲ ಎಂದು ಈಗ ಅನ್ನಿಸುತ್ತದೆ. ಒಲೆಯ ಮುಂದೆ ನಿಂತವಳು ತನ್ನವರಿಗೆಂದು ಒಂದು ತುತ್ತು ಬೇರೆ ತೆಗೆದಿಟ್ಟರೆ ಅವಳು ಬಡಿಸಿದ್ದೆಲ್ಲ ಮೈಲಿಗೆಯಾಯಿತು ಎಂಬಂಥ ಏನೋ ಒಂದು ಅವಳಲ್ಲಿತ್ತು. ಪಂಕ್ತಿಯಲ್ಲಿ ಬಡಿಸುವಾಗಲೂ ಹಾಗೇ. ಕಾಕಾನ ಎಲೆಗೆ ತುಪ್ಪ ಯಾವಾಗಲೂ ಕಡಿಮೆ ಬೀಳುತ್ತಿತ್ತು, ಅವರು ಅದನ್ನು ಊರಿಗೆಲ್ಲ ಹೇಳಿ ನಗುತ್ತಿದ್ದರು.

ನನಗೆ ರೊಟ್ಟಿ ಬಡಿಯಲು ಬರುವುದಿಲ್ಲ. ಇಲ್ಲೇ ಹುಟ್ಟಿ ಬೆಳೆದವಳು. ಕೈಗೆ ಆ ಬಡಿತ ಹತ್ತಲೇ ಇಲ್ಲ. ಹಾಗಾಗಿ ನೆರೆಮನೆಯ ಬೆನ್ ಹತ್ತಿರ ಹೋದೆ. ಪಾಪ, ಅವಳು ತನ್ನ ಮನೆಯಲ್ಲಿ ಜೋಳದ ದಪ್ಪ ರೊಟ್ಲೊ ತಟ್ಟಿ, ಮೇಲೆ ತುಪ್ಪ ಸುರಿದು ಕೊಟ್ಟಳು. ಒಯ್ದೆ. ಫೋನು ಬಂತು.

“ಇದು ರೊಟ್ಟಿ ಅಲ್ಲವಾ ಮಗಳ, ರೊಟ್ಟಿ ದೊಡ್ಡಪ್ಪ. ತಲಿಗಿಂಬು ಮಾಡ್ಕೋಬಹುದು.” ನಗು ಕೆಮ್ಮಾಯಿತು. ಕೆಮ್ಮು ಬಹಳ ಹೊತ್ತು ನಿಲ್ಲಲಿಲ್ಲ. ನಾನು ಫೋನು ಹಿಡಿದು ಕಾದೆ.

ಮೌಶಿಗೆ ಇದನ್ನು ಹೇಳಿದಾಗ ಅವಳು ನಕ್ಕಳು. ಆಮೇಲೆ ಬೆಲ್ಲದ ಡಬ್ಬದ ಮುಚ್ಚಳವನ್ನು ಸೆರಗಿನಿಂದ ಒರೆಸುತ್ತಾ ನಿಂತಳು, ಅದು ಆಗಲೇ ಒರೆಸಿದ್ದಾಗಿತ್ತು.

ಮುಂದಿನದನ್ನು ಬರೆಯಲು ನನಗೆ ಭಯ. ಮರುದಿನ ಬೆಳಿಗ್ಗೆ ನಾನು ಸ್ನಾನಕ್ಕೆ ಹೋಗಿದ್ದಾಗ ಹೊರಗೆ ತಟ್ ತಟ್ ಎಂದು ಸದ್ದು ಕೇಳಿದ ನೆನಪು. ರೊಟ್ಟಿ ಬಡಿಯುವ ಸದ್ದು. ಆದರೆ ಎದುರುಮನೆಯವರು ಬಾಲ್ಕನಿಯಲ್ಲಿ ಬಟ್ಟೆ ಒಗೆಯುವುದೂ ಅದೇ ಹೊತ್ತಿಗೆ. ನಾನು ಹೊರಬಂದಾಗ ಮೌಶಿ ಭವನಕ್ಕೆ ಹೋಗಿಯಾಗಿತ್ತು. ಒಲೆ ಒರೆಸಿತ್ತು, ಅವಳು ಯಾವಾಗಲೂ ಒರೆಸುತ್ತಾಳೆ. ಮಧ್ಯಾಹ್ನ ಕಾಕಾನ ಡಬ್ಬಿಯನ್ನು ಅವಳೇ ಕೈಗೆ ಕೊಟ್ಟಳು, “ಮೊದಲು ಇದನ್ನ ಕೊಟ್ಟು ಬಾ” ಎಂದಳು. ಕೊಟ್ಟಳೆಂದು ನನ್ನ ನೆನಪು. ಬೇರೆ ದಿನಗಳಲ್ಲಿ ನಾನೇ ಸಾಲಿನಿಂದ ಎತ್ತಿಕೊಳ್ಳುತ್ತಿದ್ದೆ. ಮೆಟ್ಟಿಲು ಹತ್ತುವಾಗ ಜೋಳದ ವಾಸನೆ ಬಂದಂತಿತ್ತು. ಆದರೆ ಎರಡು ಮಾಸ್ಕಿನ ಒಳಗೆ ಯಾವ ವಾಸನೆ ಬಂದೀತು?

ಹಿಡಿಕೆಗೆ ತೂಗುಹಾಕಿದೆ, ಬೆಲ್ಲು ಒತ್ತಿದೆ, ಇಳಿದೆ. ಬಾಗಿಲು ತೆರೆದ ಸದ್ದು ಕೇಳಿಸಿತು. ಆ ದಿನ ಫೋನು ಬರಲಿಲ್ಲ. ಸಂಜೆ ನಾನೇ ಮಾಡಿದೆ. ಎತ್ತಿಕೊಂಡ ಕಾಕಾಗೆ ಮಾತಾಡಲು ಉಸಿರಿರಲಿಲ್ಲ. ಪರಿಹಾರದ ಹಣದಲ್ಲಿ ಓಡುತ್ತಿದ್ದ ಆಮ್ಲಜನಕದ ಆಟೋ ಬೇಗನೇ ಬಂತು, ಅದನ್ನು ಹೇಳಲೇಬೇಕು. ಮೌಶಿ ಗೇಟಿನ ಬಳಿ ನಿಂತಿದ್ದಳು, ಅಡುಗೆಯ ಟೊಪ್ಪಿಯನ್ನೂ ತೆಗೆಯದೆ. ಕಾಕಾ ಅವಳತ್ತ ಕೈ ಎತ್ತಿದರು. ಆಸ್ಪತ್ರೆಯಿಂದ ಅವರು ಮರಳಲಿಲ್ಲ. ಮನೆಯನ್ನು ಶುಚಿ ಮಾಡಲು ಬಂದವರು ಹಾಸಿಗೆ, ಔಷಧ, ಡಬ್ಬಿ, ಎಲ್ಲವನ್ನೂ ಹಳದಿ ಚೀಲಕ್ಕೆ ತುಂಬಿ ಒಯ್ದಿದ್ದರು. ಡಬ್ಬಿ ಖಾಲಿಯಾಗಿತ್ತೋ ತುಂಬಿತ್ತೋ ನಾವು ನೋಡಲಿಲ್ಲ.

ಅಡುಗೆಮನೆ ಆಮೇಲೂ ನಡೆಯಿತು, ಅಲೆ ಇಳಿಯುವವರೆಗೆ. ಮೌಶಿ ಹದಿಮೂರನೇ ದಿನದ ಮರುದಿನವೇ ಅಲ್ಲಿಗೆ ಹೋದಳು. ಮುಂದೆ ಉಳಿದ ಪರಿಹಾರದ ಹಣದಲ್ಲಿ ಅದೇ ಭವನದಲ್ಲಿ, ಮನೆಯವರನ್ನು ಕಳೆದುಕೊಂಡ ಹೆಂಗಸರಿಗೆ ಹೊಲಿಗೆ ತರಗತಿ ತೆರೆದರು. ಅವಳನ್ನೂ ಕರೆದರು. ಒಮ್ಮೆ ಹೋಗಿ, ಒಲೆಗಳಿದ್ದ ಜಾಗದಲ್ಲಿ ಸಾಲಾಗಿ ಇಟ್ಟ ಹೊಲಿಗೆ ಯಂತ್ರಗಳ ಮುಂದೆ ಕೂತು ಬಂದಳು. ಮತ್ತೆ ಹೋಗಲಿಲ್ಲ. ಗೋರ್ವಾದಲ್ಲಿ ಇಂದಿಗೂ ಯಾರಾದರೂ ನನ್ನನ್ನು ತಡೆದು, “ನಿಮ್ಮ ಮಾಸಿಯ ದಾಳ್ ನಮ್ಮನ್ನು ಉಳಿಸಿತು” ಎನ್ನುತ್ತಾರೆ. ಅದು ನಿಜವಾದ ಮಾತು. ನಾನು ತಲೆಯಾಡಿಸುತ್ತೇನೆ.

ಈಗ ಅವಳು ಸೂರತ್‌ನ ಉಧ್ನಾದಲ್ಲಿ ಮಗಳ ಮನೆಯಲ್ಲಿದ್ದಾಳೆ. ಹಿಂದಿನ ಬೀದಿಯಲ್ಲಿ ಹಗಲಿಡೀ ಮಗ್ಗಗಳ ಸದ್ದು. ಮಾತಾಡಬೇಕೆಂದರೆ ದನಿ ಎತ್ತಬೇಕು. ಈ ಚಳಿಗಾಲದಲ್ಲಿ ಹೋಗಿದ್ದೆ. ಮಗಳು ಕೆಲಸಕ್ಕೆ ಹೋಗಿದ್ದಳು. ಮೌಶಿ ಅವರೆಕಾಳು ಸುಲಿಯುತ್ತಿದ್ದಳು, ನಾನೂ ಕೈ ಹಾಕಿದೆ. ಎಷ್ಟೋ ಸಲ ಗಂಟಲವರೆಗೆ ಬಂದು ಮರಳಿದ್ದನ್ನು ಅಂದು ಕೇಳಿಯೇಬಿಟ್ಟೆ. ಮಗ್ಗದ ಸದ್ದಿಗೆ ಕೇಳಿಸಲಿಲ್ಲವೇನೋ ಎಂದು ಅವಳ ಹತ್ತಿರಕ್ಕೆ ಸರಿದು ಮತ್ತೊಮ್ಮೆ ಕೇಳಿದೆ. ಅವಳ ಬೆರಳುಗಳು ಒಂದು ಗಳಿಗೆ ನಿಂತು, ಮತ್ತೆ ಸುಲಿಯತೊಡಗಿದವು. ಆ ಬೆಳಿಗ್ಗೆ ರೊಟ್ಟಿ ಬಡಿದೆನೆಂದು ಅವಳು ಇಂದಿನವರೆಗೂ ಒಪ್ಪಿಲ್ಲ, ಇಲ್ಲವೆಂದೂ ಹೇಳಿಲ್ಲ.

“ಮೌಶಿ, ಆ ದಿನ ಕಾಕಾನ ಡಬ್ಬಿಯೊಳಗ ಏನಿತ್ತು?”