ಮುಂದಿನ ಸಾಲಿನ ಮುರುಗೆಪ್ಪ

ಠಣ್ಣೆಂದಿತು ಮೊದಲ ಗಾಜಿನ ಪಾತ್ರೆ. ಎರಡನೆಯದೂ ಠಣ್ಣೆಂದಿತು. ಮೂರನೆಯದು ಮಾತ್ರ ನೆಗಡಿಯಾದ ಮುದುಕನ ಹಾಗೆ ಠಕ್ಕೆಂದಿತು. ಕಣ್ಣಿಗೆ ಕಾಣದ ಬಿರುಕು. ಬೆರಳಿನಿಂದ ತಟ್ಟಿ ನೋಡುತ್ತಿದ್ದ ಮುರುಗೆಪ್ಪ ಅದನ್ನು ಬದಿಗಿಟ್ಟ.

ನವಲಗುಂದದ ಕಡೆಯಿಂದ ಬಂದ ಮುರುಗೆಪ್ಪ ಪುಣೆಯ ಆ ಕಾಲೇಜಿನ ರಸಾಯನಶಾಲೆಯಲ್ಲಿ ಹತ್ತೊಂಬತ್ತು ವರ್ಷಗಳಿಂದ ಜವಾನನಾಗಿದ್ದ. ವರ್ಷದ ಮುನ್ನೂರ ಅರವತ್ತನಾಲ್ಕು ದಿನ ಬಾಗಿಲ ಹಿಂದೆ ನಿಲ್ಲುವ ಮನುಷ್ಯ. ಉಳಿದ ಒಂದು ದಿನ, ಡಿಸೆಂಬರ್ ತಿಂಗಳ ವಾರ್ಷಿಕೋತ್ಸವದಲ್ಲಿ, ಅಂದರೆ ಗ್ಯಾದರಿಂಗಿನಲ್ಲಿ, ಹುಬ್ಬಳ್ಳಿಯ ಗವಾಯಿ ಕಾಡಪ್ಪ ಬುವಾ ಹಾಡುವಾಗ, ಮುಂದಿನ ಸಾಲಿನ ನಟ್ಟನಡುವೆ ಕೂಡುತ್ತಿದ್ದ. ಪ್ರೊಫೆಸರರೆಲ್ಲ ಅವನ ಹಿಂದೆ. ಇದು ಬುವಾ ಅವರದೇ ಷರತ್ತು: "ಎದುರಿಗೆ ತಿಳದವ ಒಬ್ಬ ಇರಬೇಕು. ಇಲ್ಲಂದ್ರ ಗ್ವಾಡಿಗೆ ಹಾಡಿದಂಗ."

ಹಾಡು ತಾಳದ ಒಂದು ಸುತ್ತು ತಿರುಗಿ ಮೊದಲ ಪೆಟ್ಟಿಗೆ ಮರಳಿ ಬರುವ ಜಾಗಕ್ಕೆ ಸಮ ಎನ್ನುತ್ತಾರೆ. ಸಮ ಹತ್ತಿರವಾದಂತೆ ಮುರುಗೆಪ್ಪನ ಬಲಗೈ ಮೇಲೇಳುತ್ತಿತ್ತು, ಗಾಳಿಯಲ್ಲಿ ಕಾಯುತ್ತಿತ್ತು, ಸಮದ ಜೊತೆಗೇ ತೊಡೆಯ ಮೇಲೆ ಬೀಳುತ್ತಿತ್ತು. ಸಮ ಯಾವುದು, ಸಾರು ಯಾವುದು ತಿಳಿಯದ ಮುನ್ನೂರು ವಿದ್ಯಾರ್ಥಿಗಳು ಆ ಕೈಯನ್ನೇ ನೋಡಿಕೊಂಡು ಚಪ್ಪಾಳೆ ತಟ್ಟುತ್ತಿದ್ದರು. ಇಂಥ ಜಾಣ ಶ್ರೋತೃಗಳು ಪುಣೆಯಲ್ಲಿ ಬೇರೆಲ್ಲೂ ಇಲ್ಲವೆಂದು ಬುವಾ ನಂಬಿದ್ದರು.

ಹೆಂಡತಿ ಕಲ್ಲವ್ವನಿಗೆ ಈ ಕೀರ್ತಿಯ ಮೇಲೆ ಅಷ್ಟು ಭಕ್ತಿಯಿರಲಿಲ್ಲ. "ನಿಮ್ಮ ಕೈ ಎದ್ದರ ಕಾಲೇಜು ಏಳತದಂತ. ಮನ್ಯಾಗ ಒಂದು ಕೊಡಾ ಏಳವಲ್ದು."

ಆ ವರ್ಷ, ಅಂದರೆ ೧೯೩೪ರಲ್ಲಿ, ಪ್ರಿನ್ಸಿಪಾಲ ಅವಧೂತರಾಯರು ಗ್ರಾಮೋಫೋನು ಕೊಂಡರು. ಬೆಳಗಾವಿಯವರು, ಗಣಿತದ ಮನುಷ್ಯ. ಬುವಾ ಎರಡು ತಾಸು ಹಾಡುವ ರಾಗವನ್ನು ಈ ಯಂತ್ರ ಮೂರು ನಿಮಿಷದಲ್ಲಿ ಮುಗಿಸುತ್ತದೆಂಬುದು ಅವರಿಗೆ ದೊಡ್ಡ ಪ್ರಗತಿಯಾಗಿ ಕಂಡಿತು. ಏಳು ಗಂಟೆಗೆಲ್ಲ ಹುಡುಗರು ಪುಸ್ತಕದ ಮುಂದೆ ಇರಬಹುದು!

ಗ್ಯಾದರಿಂಗಿನ ಕಾರ್ಯದರ್ಶಿ, ಧಾರವಾಡದ ವಿದ್ಯಾರ್ಥಿ ಪ್ರಲ್ಹಾದ, ಓಡಿ ಬಂದು ಸುದ್ದಿ ಹೇಳಿದ. "ಕಾಕಾ, ಶನಿವಾರ ಪೆಟ್ಟಿಗಿ ಪರೀಕ್ಷಾ ಅದ. ಪಾಸಾದ್ರ ಬುವಾ ಅವರಿಗೆ ಪತ್ರ ಹೋಗೂದಿಲ್ಲ, ಈ ವರ್ಷನೂ ಇಲ್ಲ, ಮುಂದೂ ಇಲ್ಲ. ಹುಡುಗರಿಗೆ ಗದ್ದಲಾ ಮಾಡಂತ ಹೇಳಲೇನು?"

ಮುರುಗೆಪ್ಪನ ಮುಖ ಇಳಿಯಿತು. ಆದರೂ ಹೇಳಿದ: "ಬ್ಯಾಡಪಾ. ಪೆಟ್ಟಿಗ್ಯಾಗ ಕುಂತು ಹಾಡವರೂ ದೊಡ್ಡವರ. ಕೇಳೂಣು."

ಶನಿವಾರ ಸಂಜೆ ಸಭಾಂಗಣ ತುಂಬಿತು. ಮುರುಗೆಪ್ಪ ರುಮಾಲು ಸುತ್ತಿಕೊಂಡು ಬಂದು ತನ್ನ ಜಾಗದಲ್ಲಿ ಕೂತ. ಅವಧೂತರಾಯರು ಸ್ವತಃ ಹಿಡಿಕೆ ತಿರುಗಿಸಿದರು. ಯಮನ್ ರಾಗ ಸುರುವಾಯಿತು. ಯಾರು ಹಾಡಿದ್ದರೋ, ಜೇನಿನಂಥ ಕಂಠ. ಒಂದು ಸಮ ಬಂತು, ಕೈ ಬಿತ್ತು, ಚಪ್ಪಾಳೆಯಾಯಿತು. ಅವಧೂತರಾಯರು ನಕ್ಕರು. ಪೆಟ್ಟಿಗೆ ಗೆಲ್ಲುತ್ತಲಿತ್ತು. ಹಾಡು ಮತ್ತೆ ಏರಿತು, ಮುರುಗೆಪ್ಪನ ಕೈ ಮೇಲೆದ್ದಿತು. ಅಷ್ಟರಲ್ಲಿ, ಹಾಡಿನ ಸಾಲಿನ ನಡುವೆಯೇ, ರೆಕಾರ್ಡಿನ ತಟ್ಟೆ ಮುಗಿದು ಮುಳ್ಳು ಖರ್ ಖರ್ ಎಂದು ಕೆರೆಯತೊಡಗಿತು.

"ಉಳದದ್ದು ಇನ್ನೊಂದು ಮಗ್ಗಲಿಗೆ ಅದ," ಎಂದರು ಅವಧೂತರಾಯರು. ತಟ್ಟೆ ತಿರುವಿ, ಮುಳ್ಳು ಬದಲಿಸಿ, ಹಿಡಿಕೆ ಸುತ್ತಿದರು. ಕೈ ಗಾಳಿಯಲ್ಲೇ ಇತ್ತು. ಇನ್ನೊಂದು ಮಗ್ಗುಲಲ್ಲಿ ಯಾವಳೋ ನಾಟಕದವಳು ಗಂಡನನ್ನು ಬೈಯುವ ಹಾಡು ಹಾಡಿದಳು. ಅವಧೂತರಾಯರು ಗಾಬರಿಯಿಂದ ಯಂತ್ರ ನಿಲ್ಲಿಸಿದರು.

"ಕೈ ಇಳಸೋ, ಮುರುಗೆಪ್ಪಾ."

"ಸಮ ಬಂದಿಲ್ಲರಿ, ಸಾಹೇಬ್ರ."

"ಇನ್ನ ಅದು ಬರೂದಿಲ್ಲೋ!"

"ಬರೂತನಕಾ ಕೂಡತೀನ್ರಿ."

ಅವನು ಹಟ ಮಾಡುತ್ತಿರಲಿಲ್ಲ. ಅರ್ಧ ಬಂದ ಸೀನಿನ ಹಾಗೆ ಅವನ ಕೈ ನಿಜವಾಗಿಯೂ ಸಿಕ್ಕಿಬಿದ್ದಿತ್ತು. ಹಿಂದೆ ಮುನ್ನೂರು ಜೊತೆ ಅಂಗೈಗಳು ಗೇಣು ಅಂತರದಲ್ಲಿ ನಿಂತಿದ್ದವು. "ಸರ್, ತೋಳು ನೋಯಾಕ ಹತ್ಯಾವ!" ಎಂದು ಯಾರೋ ಕೂಗಿದರು. ಗಡಿಯಾರ ಏಳು ಹೊಡೆಯಿತು.

ಅವಧೂತರಾಯರು ದನಿ ತಗ್ಗಿಸಿ ಕೇಳಿದರು: "ಎಷ್ಟು ಉಳದದ?"

"ಒಂದ ಸಾಲ್ರಿ. ನೀವು ಹಾಡಿದ್ರೂ ನಡೀತದ."

ಅವಧೂತರಾಯರು ಬಾಗಿಲ ಕಡೆ ನೋಡಿದರು. ದಾರಿ ಇರಲಿಲ್ಲ. ಗಂಟಲು ಸರಿಮಾಡಿಕೊಂಡರು. ಹಲಗೆಯ ಮೇಲೆ ಸುಣ್ಣದ ಕಡ್ಡಿ ಕೆರೆದಂಥ ದನಿ ಹೊರಟಿತು. ಮುರುಗೆಪ್ಪ ಅವರ ಕಣ್ಣಿನಿಂದ ಕಣ್ಣು ಕೀಳಲಿಲ್ಲ. ಹಳ್ಳ ದಾಟುವ ಮಗುವನ್ನು ಕಲ್ಲಿನಿಂದ ಕಲ್ಲಿಗೆ ಕರೆದೊಯ್ಯುವಂತೆ ಆ ಎತ್ತಿದ ಕೈ ಅವರನ್ನು ನಡೆಸಿತು. ಕಡೆಯ ಕಲ್ಲಿಗೆ ಅವರು ಹೆಜ್ಜೆಯಿಟ್ಟರು. ಕೈ ತೊಡೆಗೆ ಬಿತ್ತು. ಚಪ್ಪಾಳೆಗೆ ತೊಲೆಯ ಮೇಲಿನ ಪಾರಿವಾಳಗಳೆಲ್ಲ ಹಾರಿಹೋದವು.

ಇಪ್ಪತ್ತೆರಡು ವರ್ಷ ತ್ರಿಕೋನಮಿತಿ ಕಲಿಸಿದವರಿಗೆ ಯಾರೂ ಒಮ್ಮೆಯೂ ಚಪ್ಪಾಳೆ ತಟ್ಟಿರಲಿಲ್ಲ.

ಸಭೆ ಮುಗಿದ ಮೇಲೆ ವರಾಂಡದಲ್ಲಿ ಅವರು ಮುರುಗೆಪ್ಪನನ್ನು ಹಿಡಿದು ನಿಲ್ಲಿಸಿದರು. "ಸಮಕ್ಕ ಬರೋಬ್ಬರಿ ಬಂದ್ನೇನೋ?"

"ತಾಳದಾಗ ಅರ್ಧ ಮಾತ್ರಿ ತಡಾ ಆತ್ರಿ. ನಿಮಗ ಕೈ ಕಾಣ್ತು, ನೀವು ಬಂದ್ರಿ. ಪೆಟ್ಟಿಗಿಗೆ ನಾವು ಕಾಣೂದಿಲ್ಲ ನೋಡ್ರಿ."

ಅವಧೂತರಾಯರು ಅವನ ಕೈಯನ್ನೊಮ್ಮೆ ನೋಡಿದರು. "ಆತು, ಪ್ರಲ್ಹಾದಗ ಹೇಳು, ಬುವಾ ಅವರಿಗೆ ಬರದಬಿಡ್ಲಿ. ನೀನೂ ನಿನ್ನ ಜಾಗಾದಾಗಽ ಕೂಡು."

ಪ್ರಲ್ಹಾದ ಆಗಲೇ ಕಿಟಕಿಯ ಕಟ್ಟೆಯ ಮೇಲೆ ಕಾರ್ಡು ಬರೆದು ಮುಗಿಸಿದ್ದ. ಸ್ಟೇಷನ್ನಿನ ಅಂಚೆ ಡಬ್ಬಿಗೆ ಹಾಕಿದರೆ ಇಂದಿನ ರೈಲಿಗೇ ಹೋಗುತ್ತದೆ. ಮುರುಗೆಪ್ಪ ಕಾರ್ಡನ್ನು ಅವನ ಕೈಯಿಂದ ಕಸಿದುಕೊಂಡ.

"ಆದ್ರ ಒಂದು ಮಾತು," ಎಂದರು ಅವಧೂತರಾಯರು, ಕಂಬದತ್ತ ತಿರುಗಿ, ತುಸು ನಾಚಿ. "ಬುವಾ ಅವರ ಹಾಡಿಕಿಂತ ಮೊದಲ, ಹತ್ತಽ ನಿಮಿಷ, ನಾನೂ ಒಂದು ಸಣ್ಣದು... ಯಮನ್ ಬ್ಯಾಡಂದ್ರ ಭೂಪಾಲಿ... ಕೈ ತೋರ್ಸಾಕ ನೀ ಇದ್ದಽ ಇರ್ತಿ, ಹೌದಲ್ಲೋ ಮುರುಗೆಪ್ಪಾ?"

ಮುರುಗೆಪ್ಪ ಒಂದು ಕೈಯಲ್ಲಿ ಕಾರ್ಡು, ಇನ್ನೊಂದರಲ್ಲಿ ಧೋತರದ ಚುಂಗು ಹಿಡಿದು ಆಗಲೇ ಸ್ಟೇಷನ್ನಿನ ಕಡೆಗೆ ಮೈದಾನ ದಾಟುತ್ತಿದ್ದ.